ಮಾರಿಕುಪ್ಪಂ ರೈಲಿನಲ್ಲಿ ಲೂಥರ್

ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಕೆಜಿಎಫ್‌ನವರ ಅರ್ಧ ಆಯುಷ್ಯ ರೈಲಿನಲ್ಲೇ ಕಳೆಯುತ್ತದೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿಗೆ ಬೀಗ ಬಿದ್ದ ಮೇಲೆ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಆಂಡರ್ಸನ್‌ಪೇಟೆಯ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರುವುದು ಈ ರೈಲಿನಿಂದ. ಮಾರಿಕುಪ್ಪಂನಲ್ಲಿ ಹತ್ತಿ ಕೂತವರು ಬಂಗಾರಪೇಟೆ ಬರುವಷ್ಟರಲ್ಲಿ ಮೊಬೈಲ್ ತೆಗೆದಿರುತ್ತಾರೆ. ಒಬ್ಬನಿಗೆ ಕ್ರಿಕೆಟ್, ಇನ್ನೊಬ್ಬನಿಗೆ ಸಿನಿಮಾ. ಈಚೆಗೆ ಕ್ರೈಸ್ತ ಹುಡುಗರಲ್ಲಿ ಹಲವರಿಗೆ ಹಿಡಿದಿರುವ ಹುಚ್ಚು ಡಿಬೇಟ್‌ನದು. ಪರದೆಯ ಎಡಕ್ಕೆ ಕಥೋಲಿಕರ ಪರ ಮಾತಾಡುವವನು, ಬಲಕ್ಕೆ ಪ್ರಾಟೆಸ್ಟೆಂಟರ ಪರ ಮಾತಾಡುವವನು. ಮರಿಯಮ್ಮನವರಿಗೆ ಪ್ರಾರ್ಥನೆ ಸಲ್ಲಿಸಬಹುದೇ? ಪೋಪರು ಬೇಕೇ? ರೊಟ್ಟಿ ನಿಜಕ್ಕೂ ಕ್ರಿಸ್ತನ ಶರೀರವಾಗುತ್ತದೆಯೇ? ಮಾತು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಸಾಗಿರುತ್ತದೆ. ಕೇಳುವವನು ವೈಟ್‌ಫೀಲ್ಡ್ ದಾಟಿದರೂ ತಲೆ ಎತ್ತುವುದಿಲ್ಲ.

‘ಇದರಿಂದ ಏನು ಬಂತು?’ ಎಂದು ಹಿರಿಯರು ಗೊಣಗುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ‘ಏನೂ ಬರಲಿಲ್ಲ’ ಎಂದು ಅವರಷ್ಟು ಸಲೀಸಾಗಿ ಹೇಳಿಬಿಡಲು ನನಗೆ ಮನಸ್ಸಿಲ್ಲ.

ಈ ಊರಿನಲ್ಲಿ ಆರ್‌.ಸಿ. ಅಂದರೆ ಕಥೋಲಿಕರು, ಪ್ರಾಟೆಸ್ಟೆಂಟರಾದ ಸಿ.ಎಸ್‌.ಐ., ಮೆಥಡಿಸ್ಟ್, ಲೂಥರನ್, ಪೆಂತೆಕೋಸ್ತ್ ಎಲ್ಲರೂ ಇದ್ದಾರೆ. ಚಾಂಪಿಯನ್ ರೀಫ್ಸ್‌ನಲ್ಲಿ ವಿಜಯಮಾತೆಯ ಗುಡಿ, ಊರಗಾಂನಲ್ಲಿ ಇಂಗ್ಲಿಷರ ಕಾಲದ ಆಂಗ್ಲಿಕನ್ ಚರ್ಚು. ಗಣಿ ಕಾರ್ಮಿಕರ ಲೈನುಗಳಲ್ಲಿ ಒಂದೇ ಗೋಡೆಯ ಈಚೆ ಜಪಸರ, ಆಚೆ ಸ್ತೋತ್ರದ ಚಪ್ಪಾಳೆ. ಕೆಲವು ಮನೆಗಳಲ್ಲಿ ಆ ಗೋಡೆಯೂ ಇರುವುದಿಲ್ಲ: ಅತ್ತೆ ಆರ್‌.ಸಿ., ಸೊಸೆ ಸಿ.ಎಸ್‌.ಐ. ಡಿಬೇಟ್ ನೋಡಿದವನು ಸಂಜೆ ಮರಳುವುದು ಇಂಥ ಮನೆಗೆ. ಅಮೆರಿಕದ ಯಾವುದೋ ಸ್ಟುಡಿಯೋದಲ್ಲಿ ಕೂತು ವಾದ ಮಾಡುವವನಿಗೆ ಈ ತಾಪತ್ರಯವಿಲ್ಲ.

ಜಗಳವೇನೂ ಹೊಸದಲ್ಲ. ಇಲ್ಲಿನ ತಮಿಳು ಕ್ರೈಸ್ತರ ಪೂರ್ವಿಕರು ಬಂದ ಸೀಮೆಯಲ್ಲಿ ಇದಕ್ಕೆ ಮುನ್ನೂರು ವರ್ಷದ ಚರಿತ್ರೆಯಿದೆ. 1706ರಲ್ಲಿ ಲೂಥರನ್ ಮಿಷನರಿ ತ್ಸೀಗೆನ್‌ಬಾಲ್ಗ್ ತರಂಗಂಬಾಡಿಗೆ ಬಂದಿಳಿದ. 1715ರ ಹೊತ್ತಿಗೆ ತಮಿಳು ಹೊಸ ಒಡಂಬಡಿಕೆ ಅಚ್ಚಾಯಿತು. ಇಟಲಿಯ ಜೆಸ್ವಿತ್ ಪಾದ್ರಿ ಬೆಸ್ಕಿ, ತಮಿಳರ ವೀರಮಾಮುನಿವರ್, 1728ರಲ್ಲಿ ‘ವೇದವಿಳಕ್ಕಂ’ ಬರೆದು ಲೂಥರನ್ನರನ್ನು ಖಂಡಿಸಿದ. ಆ ಕಡೆಯವರೂ ಸುಮ್ಮನಿರಲಿಲ್ಲ. ಹಟ, ಪಾಂಡಿತ್ಯ, ವ್ಯಂಗ್ಯ ಯಾವುದಕ್ಕೂ ಕೊರತೆಯಿರಲಿಲ್ಲ. ಆ ಖಂಡನೆಗಳನ್ನು ಇವತ್ತು ಸಂಶೋಧಕರ ಹೊರತು ಮತ್ತಾರೂ ಮುಟ್ಟುವುದಿಲ್ಲ. ಅದೇ ಬೆಸ್ಕಿಯ ನಿಘಂಟು ‘ಚದುರಗರಾದಿ’ ಉಳಿದಿದೆ. ಪರಮಾರ್ಥ ಗುರು ಮತ್ತವನ ಪೆದ್ದ ಶಿಷ್ಯರ ಕಥೆ ತಮಿಳಿನ ಗಡಿ ದಾಟಿ ಕನ್ನಡದ ಮಕ್ಕಳನ್ನೂ ನಗಿಸಿತು. ವಾದದಲ್ಲಿ ಗೆದ್ದವನು ಯಾರೆಂದು ಕೇಳುವವರೇ ಇಲ್ಲ.

ಹಾಗಾದರೆ ಹುಡುಗರ ಕಿವಿಯಿಂದ ಇಯರ್‌ಫೋನ್ ಕಿತ್ತುಬಿಡೋಣವೇ? ಸ್ವಲ್ಪ ತಾಳಿ.

ನವೆಂಬರ್ 2, ಸತ್ತವರ ಹಬ್ಬ. ಸಮಾಧಿಗಳಿಗೆ ಸುಣ್ಣ ಬಳಿದು, ಸೇವಂತಿಗೆ ಹಾರ ಹಾಕಿ, ಮೇಣದ ಬತ್ತಿ ಹಚ್ಚುತ್ತಾರೆ. ಫಾದರ್ ತೀರ್ಥ ಚಿಮುಕಿಸಿ ಸತ್ತವರ ಆತ್ಮಕ್ಕಾಗಿ ಪ್ರಾರ್ಥಿಸುತ್ತಾರೆ. ಪ್ರಾಟೆಸ್ಟೆಂಟ್ ನೆಂಟರೂ ಹೂವು ಹಿಡಿದು ಬರುವುದುಂಟು, ಆದರೆ ಅವರ ಬೋಧನೆಯಲ್ಲಿ ಸತ್ತವರಿಗಾಗಿ ಪ್ರಾರ್ಥನೆಯಿಲ್ಲ. ‘ಬೈಬಲಿನಲ್ಲಿ ಎಲ್ಲಿದೆ ತೋರಿಸಿ’ ಎಂದು ಇವರು ಕೇಳಿದರೆ ಅವರು ಮಕ್ಕಬಿಯರ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯ ತೆರೆಯುತ್ತಾರೆ. ‘ಆ ಪುಸ್ತಕವೇ ನಮ್ಮ ಬೈಬಲಿನಲ್ಲಿಲ್ಲವಲ್ಲ!’ ಕಥೋಲಿಕರ ಬೈಬಲಿನಲ್ಲಿ 73 ಗ್ರಂಥ, ಪ್ರಾಟೆಸ್ಟೆಂಟರದ್ದರಲ್ಲಿ 66. ವಾದ ಅಲ್ಲಿಗೇ ಮುಗ್ಗರಿಸುತ್ತದೆ. ಹೊಣೆಗೇಡಿ ಡಿಬೇಟ್ ಆದರೆ ಅಲ್ಲಿಂದ ಮುಂದೆ ಬರೀ ಮೂದಲಿಕೆ. ಒಳ್ಳೆಯದಾದರೆ ಅಲ್ಲಿಂದಲೇ ಶುರು: ಈ ಪಟ್ಟಿ ಮಾಡಿದವರು ಯಾರು? ಯಾವ ಅಧಿಕಾರದಿಂದ? 1534ರ ಲೂಥರನ ಜರ್ಮನ್ ಬೈಬಲಿನಲ್ಲಿ ಈ ಗ್ರಂಥಗಳು ಎರಡು ಒಡಂಬಡಿಕೆಗಳ ನಡುವೆ, ಓದಲು ಒಳ್ಳೆಯವು ಆದರೆ ಧರ್ಮಗ್ರಂಥಕ್ಕೆ ಸಮವಲ್ಲ ಎಂಬ ಮಾತಿನೊಡನೆ ಇದ್ದವು. 1546ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಅವನ್ನು ಪವಿತ್ರ ಗ್ರಂಥಗಳೆಂದೇ ಸಾರಿತು. ಇಷ್ಟನ್ನು ಭಾನುವಾರದ ಪ್ರಸಂಗದಲ್ಲಿ ಫಾದರೂ ಹೇಳಿಕೊಡುವುದಿಲ್ಲ, ಪಾಸ್ಟರೂ ಹೇಳಿಕೊಡುವುದಿಲ್ಲ. ಜ್ಞಾನೋಪದೇಶದ ತರಗತಿ ಹತ್ತನೆಯ ಕ್ಲಾಸಿಗೆ ಮುಗಿಯುತ್ತದೆ. ಹುಡುಗನಿಗೆ ಪ್ರಶ್ನೆ ಹುಟ್ಟುವುದು ಆಮೇಲೆ. ಉತ್ತರ ಸಿಗುವ ಕಡೆಗೆ ಅವನು ಹೋಗುತ್ತಾನೆ. ತಪ್ಪೇನು? ಡಿಬೇಟ್ ಕೇಳಿದವನು ಮನೆಗೆ ಬಂದು ಧೂಳು ಹಿಡಿದ ಸತ್ಯವೇದವನ್ನು ಕೆಳಗಿಳಿಸಿದರೆ ಆ ಎರಡು ಗಂಟೆ ದಂಡವಾಗಲಿಲ್ಲ.

ಕೆಟ್ಟಿರುವುದು ಗೆಲುವಿನ ಚಟ. ಮಾತಾಡುವವನ ಮುಂದೆ ಅವನ ಪಕ್ಷದ ಸಾವಿರ ಜನ ಕೂತಿರುವಾಗ ‘ಈ ಒಂದು ಮಾತು ನೀವು ಹೇಳಿದ್ದು ಸರಿ’ ಎನ್ನಲು ಎದೆಗಾರಿಕೆ ಬೇಕು. 1519ರಲ್ಲಿ ಲೈಪ್‌ಜಿಗ್‌ನಲ್ಲಿ ಕಥೋಲಿಕ ಪಂಡಿತ ಯೋಹಾನ್ ಎಕ್ ಮತ್ತು ಲೂಥರ್ ಬಹಿರಂಗವಾಗಿ ವಾದಕ್ಕೆ ನಿಂತಾಗ ಆದದ್ದೂ ಇದೇ. ಎಕ್ ಕೆಣಕಿ ಕೆಣಕಿ, ಧರ್ಮಸಭೆಯ ಮಹಾಸಭೆಗಳೂ ತಪ್ಪಬಹುದು ಎಂದು ಲೂಥರನ ಬಾಯಲ್ಲೇ ಹೇಳಿಸಿದ. ಆ ಮೇಲೆ ಇಬ್ಬರಿಗೂ ಹಿಂದಕ್ಕೆ ಬರಲು ದಾರಿ ಉಳಿಯಲಿಲ್ಲ, ಗೆದ್ದವರು ನಾವೇ ಎಂದು ಎರಡೂ ಕಡೆಯವರು ಹೇಳಿಕೊಂಡರು.

ಗಂಟು ಸ್ವಲ್ಪ ಸಡಿಲಾದದ್ದು ಯಾವ ವೇದಿಕೆಯಲ್ಲೂ ಅಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕಥೋಲಿಕ ಮತ್ತು ಲೂಥರನ್ ಪಂಡಿತರು ದಶಕಗಟ್ಟಲೆ ಒಂದೇ ಮೇಜಿನ ಸುತ್ತ ಕೂತರು. ವಿಶ್ವಾಸದಿಂದ ರಕ್ಷಣೆಯೋ ಸತ್ಕ್ರಿಯೆಯಿಂದಲೋ ಎಂಬ ಮೂಲ ಜಗಳದ ಬಗ್ಗೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಬಿತ್ತು. ರಕ್ಷಣೆ ದೇವರ ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ ಎಂದು ಇಬ್ಬರೂ ಒಪ್ಪಿದರು. 2006ರಲ್ಲಿ ವಿಶ್ವ ಮೆಥಡಿಸ್ಟ್ ಮಂಡಳಿಯೂ ಸೇರಿಕೊಂಡಿತು. ಕೋಲಾರ, ಬಂಗಾರಪೇಟೆಯ ಮೆಥಡಿಸ್ಟರಿಗೂ ಇದು ಮನೆಯ ಸುದ್ದಿಯೇ ಆಗಬೇಕಿತ್ತು. ಎಷ್ಟು ಜನಕ್ಕೆ ತಲುಪಿದೆ? ರೈಲಿನ ಹುಡುಗ ಇಂದಿಗೂ ‘ಕಥೋಲಿಕರು ಪುಣ್ಯ ಮಾಡಿ ಸ್ವರ್ಗ ಕೊಂಡುಕೊಳ್ಳುತ್ತಾರೆ’ ಎಂಬ ಹಳೆಯ ಬೈಗುಳವನ್ನೇ ಕೇಳುತ್ತಿದ್ದಾನೆ. ಪಂಡಿತರ ಒಪ್ಪಂದ ಕಡತದಲ್ಲಿ ಉಳಿಯಿತು, ಬೈಗುಳ ಮೊಬೈಲಿಗೆ ಬಂತು. ಈ ತಪ್ಪನ್ನು ಡಿಬೇಟ್ ಮಾಡುವವರ ತಲೆಗೆ ಮಾತ್ರ ಕಟ್ಟಲಾಗದು.

ನನ್ನನ್ನು ಕೇಳಿದರೆ: ನೋಡಿ, ಆದರೆ ಎದುರು ಪಕ್ಷದವನು ಪೂರ್ತಿ ಮಾತಾಡಿ ಮುಗಿಸಿರುವುದನ್ನೇ ನೋಡಿ, ಅರ್ಧ ನಿಮಿಷದ ತುಣುಕುಗಳನ್ನು ಮುಟ್ಟಬೇಡಿ. ಅವನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗಂತೂ ಹಾಕಲೇಬೇಡಿ. ಕಥೋಲಿಕ-ಪ್ರಾಟೆಸ್ಟೆಂಟ್ ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ಇಂಥದೊಂದು ವಿಡಿಯೋ ಸಾಕು. ಮೊದಲೇ ಅಲ್ಲಿ ಬಿಷಪರ ಅನುಮತಿ ಪತ್ರವಾಗಬೇಕು, ಹುಟ್ಟುವ ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆಂದು ಕಥೋಲಿಕ ಕಡೆಯವರು ಮಾತು ಕೊಡಬೇಕು, ಮದುವೆ ಯಾವ ಗುಡಿಯಲ್ಲಿ ಎಂಬುದು ತೀರ್ಮಾನವಾಗಬೇಕು. ‘ನಿಮ್ಮವರು ವಿಗ್ರಹ ಪೂಜೆ ಮಾಡ್ತಾರಂತೆ’ ಎಂದು ವರನ ಚಿಕ್ಕಪ್ಪ ಒಂದು ಮಾತು ಬಿಟ್ಟರೆ ಬೀಗರು ಕಾಫಿ ಲೋಟ ಕೆಳಗಿಟ್ಟು ಎದ್ದುಬಿಡುತ್ತಾರೆ.

ಇನ್ನೊಂದು ಮಾತು, ಡಿಬೇಟ್‌ಗಳಲ್ಲಿ ನನ್ನ ಕಿವಿಗೆ ಬೀಳದೇ ಇರುವುದು. ಗಣಿಯ ಆಳಕ್ಕಿಳಿದವರಲ್ಲಿ ಬಹುಪಾಲು ದಲಿತರು. ಅವರ ಮಕ್ಕಳು ಆರ್‌.ಸಿ. ಆಗಿರಲಿ, ಸಿ.ಎಸ್‌.ಐ. ಆಗಿರಲಿ, 1950ರ ಪರಿಶಿಷ್ಟ ಜಾತಿ ಆದೇಶದ ಮುಂದೆ ಇಬ್ಬರೂ ಒಂದೇ: ಕ್ರೈಸ್ತರೆಂದು ಬರೆಸಿದರೆ ಪರಿಶಿಷ್ಟ ಜಾತಿಯ ಮೀಸಲಾತಿ ಇಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ತೆರೆದ ಬಾಗಿಲು ಇವರಿಗೆ ಮುಚ್ಚಿಯೇ ಇದೆ. ಅದು ಸರಿಯೋ ತಪ್ಪೋ, ಜಾತಿ ಚರ್ಚಿನ ಒಳಗೂ ಇದೆಯೋ ಇಲ್ಲವೋ, ಇದ್ದರೆ ಅದಕ್ಕೆ ಯಾವ ಗ್ರಂಥದ ಯಾವ ಅಧ್ಯಾಯದಲ್ಲಿ ಆಧಾರ? ಈ ವಿಷಯವಿಟ್ಟುಕೊಂಡು ಒಬ್ಬ ಫಾದರ್, ಒಬ್ಬ ಪಾಸ್ಟರ್ ರಾಬರ್ಟ್‌ಸನ್‌ಪೇಟೆಯಲ್ಲೇ ಎದುರುಬದುರು ಕೂತರೆ ನಾನು ಮುಂದಿನ ಸಾಲಿನಲ್ಲೇ ಜಾಗ ಹಿಡಿಯುತ್ತೇನೆ. ಕೊನೆಯ ರೈಲು ತಪ್ಪಿದರೂ ಚಿಂತೆಯಿಲ್ಲ.