ಹೆಬ್ಬಾವೋ, ಕೊಳಕುಮಂಡಲವೋ?

ವೃಷಭಾವತಿಯ ಕಣಿವೆಗೆ ಸೇರಿದ ಹೊಸಕೆರೆಹಳ್ಳಿಯ ಕೆರೆಯ ಸುತ್ತಣ ಹೊಲತೋಟಗಳು ಬಡಾವಣೆಗಳಾಗಿ ಪರಿಣಮಿಸಿದ ಮೇಲೆಯೂ, ಒಡೆದ ಕಟ್ಟಡದ ಕಲ್ಲುರಾಶಿ, ಖಾಲಿ ನಿವೇಶನದ ಪೊದೆ, ರಾಜಕಾಲುವೆಯ ದಂಡೆ ಮೊದಲಾದ, ಇಲಿಗಳಿಗೆ ಪ್ರಿಯವಾದ ಎಡೆಗಳು ಉಳಿದೇ ಇರುವುದರಿಂದ, ಅವುಗಳ ಬೆನ್ನುಹತ್ತಿ ಬರುವ ಸರ್ಪಕುಲವೂ ಇಲ್ಲಿಂದ ತೊಲಗಿಲ್ಲ. ಇವುಗಳಲ್ಲಿ ಹೆಬ್ಬಾವು ಅಪರೂಪ. ಅದರ ನೆಲೆ ಬನ್ನೇರುಘಟ್ಟದ ಕಾಡು ಮತ್ತು ಅದರ ಅಂಚು. ಆದರೂ ಮೈಮೇಲೆ ಮಚ್ಚೆಗಳುಳ್ಳ ದಪ್ಪನೆಯ ಹಾವೊಂದು ಕಂಡೊಡನೆ ‘ಹೆಬ್ಬಾವಿನ ಮರಿ, ಏನೂ ಮಾಡದು’ ಎಂದು ಸಮೀಪಿಸುವವರೂ, ‘ಮಂಡಲ, ಹೊಡೆಯಿರಿ’ ಎಂದು ದೊಣ್ಣೆ ತರುವವರೂ ನಮ್ಮಲ್ಲಿ ಇದ್ದಾರೆ. ಈ ಎರಡು ಭ್ರಾಂತಿಗಳಲ್ಲಿ ಮೊದಲನೆಯದು ಮನುಷ್ಯನ ಪ್ರಾಣಕ್ಕೇ ಎರವಾಗಬಲ್ಲುದು.

ಕೊಳಕುಮಂಡಲದ ಕಂದು ಬೆನ್ನಿನ ಮೇಲೆ ಅಂಡಾಕಾರದ ಮಚ್ಚೆಗಳು ಸರಪಣಿಯ ಕೊಂಡಿಗಳಂತೆ ಮೂರು ಸಾಲುಗಳಲ್ಲಿ ಕ್ರಮವಾಗಿ ಹರಿದಿರುವುವು. ಒಂದೊಂದಕ್ಕೂ ಕಪ್ಪು ಅಂಚು, ಅದರಾಚೆಗೆ ಬಿಳಿಯ ಗೆರೆ. ಹೆಬ್ಬಾವಿನ ಮಚ್ಚೆಗಳಲ್ಲಿ ಈ ಶಿಸ್ತಿಲ್ಲ. ಅವು ಅಂಕುಡೊಂಕಾಗಿ, ಒಂದಕ್ಕೊಂದು ಹೋಲದೆ, ಕೆಲವೆಡೆ ಪರಸ್ಪರ ಕೂಡಿಕೊಂಡಿರುವುವು. ಮಂಡಲದ ಒಂದೊಂದು ಶಲ್ಕದ ಮೇಲೂ ನಡುವೆ ಏಣಿರುವುದರಿಂದ ಅದರ ಮೈ ಮಂಕಾಗಿ ಒರಟಾಗಿ ತೋರಿದರೆ, ಹೆಬ್ಬಾವಿನದು ನುಣುಪಾಗಿ ಹೊಳೆಯುವುದು. ಹೆಬ್ಬಾವಿನ ತಲೆಯ ಮೇಲೆ ಈಟಿಯ ಮೊನೆಯಾಕಾರದ ಗುರುತೂ, ಮೂತಿಯ ಮೇಲೆ ದೊಡ್ಡ ಫಲಕಗಳೂ ಉಂಟು. ಮಂಡಲದ ತಲೆಯನ್ನು ಮುಚ್ಚಿರುವುವು ಸಣ್ಣ ಸಣ್ಣ ಶಲ್ಕಗಳು. ಎರಡೂ ಬುಸುಗುಟ್ಟುವುದರಿಂದ, ಶಬ್ದಮಾತ್ರದಿಂದ ನಿರ್ಣಯಿಸುವುದು ಸಲ್ಲದು.

ಹೆಬ್ಬಾವಿಗೆ ವಿಷವಿಲ್ಲವಾದರೂ ಹಿಂದಕ್ಕೆ ಬಾಗಿದ ಚೂಪಾದ ಹಲ್ಲುಗಳಿವೆ. ಕಚ್ಚಿದರೆ ಗಾಯ ಆಳವಾಗುವುದು. ಮೂತಿಯ ತುದಿಯಲ್ಲಿಯೂ ಮೇಲ್ದುಟಿಯ ಮುಂಭಾಗದಲ್ಲಿಯೂ ಇರುವ ಸಣ್ಣ ಕುಳಿಗಳು ಬಿಸಿರಕ್ತದ ಪ್ರಾಣಿಯ ಮೈಕಾವನ್ನು ಕತ್ತಲೆಯಲ್ಲಿಯೂ ಗ್ರಹಿಸುವುವು. ಗುದದ್ವಾರದ ಎರಡು ಪಕ್ಕಗಳಲ್ಲಿ ಚಾಚಿರುವ ಪುಟ್ಟ ಉಗುರುಗಳು, ಅದರ ಪೂರ್ವಜರಿಗಿದ್ದ ಹಿಂಗಾಲುಗಳ ಅವಶೇಷಗಳು.

ಈ ಹಾವಿನ ಮಾತೃಧರ್ಮವು ನನಗೆ ಎಲ್ಲಕ್ಕಿಂತ ಮಿಗಿಲಾದ ವಿಸ್ಮಯವೆನಿಸುತ್ತದೆ. ಬಹುತೇಕ ಹಾವುಗಳು ಮೊಟ್ಟೆಯಿಟ್ಟು ಹೊರಟುಹೋಗುವಾಗ, ಹೆಬ್ಬಾವಿನ ತಾಯಿಯು ಮೊಟ್ಟೆಗಳ ಗುಪ್ಪೆಯನ್ನು ತನ್ನ ಮೈಯಿಂದಲೇ ಸುತ್ತುವರಿದು, ಸುಮಾರು 2 ತಿಂಗಳ ಕಾಲ ಬಹುಮಟ್ಟಿಗೆ ಉಪವಾಸವಿದ್ದು ಕಾವು ಕೊಡುವುದು. ಇದರ ಅತಿ ಸಮೀಪದ ಬಂಧುವಾದ ಬರ್ಮಾ ಹೆಬ್ಬಾವಿನ ಮೈಕಾವನ್ನು 1841ರಲ್ಲಿ ಪ್ಯಾರಿಸ್ಸಿನಲ್ಲಿ ವಾಲೆನ್ಸಿಯೆನ್ ಎಂಬ ವಿದ್ವಾಂಸನು ಅಳೆದು, ಅದು ಸುತ್ತಣ ಗಾಳಿಗಿಂತ ಬಿಸಿಯಾಗಿರುವುದನ್ನು ಪ್ರಕಟಿಸಿದನು. 1966ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಹಾವೊಂದರ ಪರಿಶೀಲನೆಯಿಂದ ಇದರ ಕಾರಣವೂ ಸ್ಪಷ್ಟವಾಯಿತು: ತಾಯಿಯು ಸ್ನಾಯುಗಳನ್ನು ಮತ್ತೆ ಮತ್ತೆ ಸಂಕೋಚಿಸಿ ನಡುಗುತ್ತ ಉಷ್ಣವನ್ನು ಉತ್ಪಾದಿಸುವುದು, ಹೊರಗಿನ ವಾತಾವರಣಕ್ಕಿಂತ ಹಲವು ಡಿಗ್ರಿಯಷ್ಟು ಹೆಚ್ಚಿನ ಕಾವನ್ನು ಅದು ಕಾಪಾಡಿಕೊಳ್ಳಬಲ್ಲದೆಂದು ಕಂಡುಬಂದಿತು. ‘ಶೀತರಕ್ತ’ದ ಪ್ರಾಣಿಯೆಂದು ನಾವು ಬರೆಯುವ ಜೀವಿಯು ಸಂತಾನಕ್ಕಾಗಿ ಈ ಶ್ರಮವನ್ನು ಕೈಗೊಳ್ಳುವುದು!

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಇದಕ್ಕೆ ಸ್ಥಾನವಿರುವುದರಿಂದ, ಹೆಬ್ಬಾವನ್ನು ಕೊಲ್ಲುವುದಾಗಲಿ ಹಿಡಿದಿಡುವುದಾಗಲಿ ದಂಡನೀಯ ಅಪರಾಧ. ಮೇಲೆ ಹೇಳಿದ ಲಕ್ಷಣಗಳೆಲ್ಲವೂ ದೂರದಿಂದ ನೋಡಿ ತಿಳಿಯುವುದಕ್ಕಾಗಿಯೇ ಹೊರತು, ಕೈಯಿಂದ ಮುಟ್ಟಿ ಪರೀಕ್ಷಿಸುವುದಕ್ಕಲ್ಲ. ಆದಕಾರಣ ಹಾವು ಕಂಡಾಗ ಮಕ್ಕಳನ್ನೂ ನಾಯಿಯನ್ನೂ ದೂರವಿರಿಸಿ, ಅದು ಎಲ್ಲಿದೆಯೆಂಬುದನ್ನು ದೂರದಿಂದಲೇ ಗಮನಿಸುತ್ತ, ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಿ. ಕಡಿತವಾಗಿದ್ದರೆ ಅದು ಯಾವ ಹಾವೆಂಬ ಚರ್ಚೆಗೆ ನಿಲ್ಲಬೇಡಿ. ಕೊಳಕುಮಂಡಲದ ವಿಷವು ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸಿ ಮೂತ್ರಪಿಂಡಗಳನ್ನು ಘಾತಿಸುವುದರಿಂದ, ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ರೋಗಿಯನ್ನು ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಿರಿ.