ನಿಮಗಿದು ಗೊತ್ತೇ? ತುಂಗಭದ್ರೆಯ ನೀರು, ಒಂದೂಕಾಲು ತೊಲ ಕಾಫಿ

ಗಿರ್ಮಿಟ್, ಮಿರ್ಚಿಯ ಜೊತೆ ಚಹಾ ಹೀರುವ ಸೀಮೆ ಗದಗ. ಇಲ್ಲಿ ಪೋರ್‌ಓವರ್ ಕಾಫಿ ಹೊಸ ಅತಿಥಿ. ಸೋಸುಕಾಗದದೊಳಗಿನ ಪುಡಿಗೆ ಬಿಸಿನೀರು ಹೊಯ್ದು ಇಳಿಸುವ, ಹೆಚ್ಚಾಗಿ ಹಾಲಿಲ್ಲದೆ ಕುಡಿಯುವ ಕಾಫಿ ಇದು. ನಿನ್ನೆಯ ರುಚಿ ಇಂದೂ ಬರಬೇಕೆಂದರೆ ಕೈಗುಣ ನಂಬುವುದಕ್ಕಿಂತ ಅಳತೆ ನಂಬುವುದು ಲೇಸು.

● ಈ ಕಾಫಿಯ ಕಾಗದ ಹುಟ್ಟಿದ್ದು ಅಡುಗೆಮನೆಯಲ್ಲೇ. ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಸ್ ಹಿತ್ತಾಳೆ ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ಮಸಿಹೀರುವ ಕಾಗದ ಹಾಸಿ ಕಾಫಿ ಸೋಸಿದರು. ಪೇಟೆಂಟ್, ಕಂಪನಿ ಎರಡೂ 1908ರಲ್ಲೇ ಆದವು.

● ಹದವಾಗಿ ಇಳಿದ ಕಪ್ಪಿನಲ್ಲಿ ಕರಗಿರುವ ಕಾಫಿಯ ಅಂಶ ಶೇ 1.15ರಿಂದ 1.35 ಮಾತ್ರ. ಉಳಿದ ಶೇ 98ಕ್ಕೂ ಹೆಚ್ಚು ಭಾಗ ನೀರು! ಪುಡಿಗೆ ಎಷ್ಟೇ ದುಡ್ಡು ಸುರಿದರೂ ನೀರು ಸರಿಯಿಲ್ಲದಿದ್ದರೆ ದಂಡ.

● ಮುಂಡರಗಿ, ಶಿರಹಟ್ಟಿ ಕಡೆಯ ಹಲವು ಕೊಳವೆಬಾವಿಗಳ ನೀರು ಗಡಸು. ಫ್ಲೋರೈಡ್ ಕಾಟವೂ ಉಂಟು. ನೀರಿನ ಕ್ಷಾರ ಗುಣ ಹೆಚ್ಚಿದ್ದರೆ ಕಾಫಿಯ ಹಣ್ಣಿನಂಥ ಹುಳಿಯನ್ನು ಅದು ನುಂಗಿಹಾಕಿ ಸಪ್ಪೆ ಮಾಡುತ್ತದೆ. ಕುದಿಸಿದರೆ ಗಡಸುತನ ಒಂದಿಷ್ಟು ಇಳಿದೀತು, ಫ್ಲೋರೈಡ್ ಹೋಗದು.

● ಹಾಗಾದರೆ ಶುದ್ಧ ನೀರಿನ ಘಟಕದ ಕ್ಯಾನ್ ಸಾಕೇ? ಆರ್‌ಒ ಯಂತ್ರ ಖನಿಜಗಳನ್ನೂ ಬಹುಪಾಲು ತೆಗೆದುಬಿಡುತ್ತದೆ. ರುಚಿಯನ್ನು ಪುಡಿಯಿಂದ ಹೊರಗೆಳೆಯಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಒಂದಿಷ್ಟಾದರೂ ಬೇಕು. ನಲ್ಲಿಯಲ್ಲಿ ಬರುವ ತುಂಗಭದ್ರೆಯ ನೀರನ್ನು ಕಾಯಿಸಿ ಆರಿಸಿ, ಸೋಸಿ, ಆರ್‌ಒ ನೀರಿಗೆ ಅರ್ಧಕ್ಕರ್ಧ ಬೆರೆಸಿ ನೋಡಿ. ಒಗ್ಗಿದ ಪ್ರಮಾಣವನ್ನೇ ಮುಂದುವರಿಸಿ.

● ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೆ. ಇನ್ನೂ ಎತ್ತರದ ಮಡಿಕೇರಿಯಲ್ಲಿ ಸುಮಾರು 96ಕ್ಕೇ! ಪೋರ್‌ಓವರ್‌ಗೆ 92ರಿಂದ 96 ಡಿಗ್ರಿ ಹಿತ. ಥರ್ಮಾಮೀಟರ್ ಇಲ್ಲವೇ? ಕುದಿ ಬಂದ ಮೇಲೆ ಒಲೆ ಆರಿಸಿ, ಮುಚ್ಚಳ ತೆಗೆದು ಅರ್ಧ ನಿಮಿಷ ಬಿಡಿ.

● ಅತಿ ಮುಖ್ಯವಾದ ಸಲಕರಣೆ ದುಬಾರಿ ಕೆಟಲ್ ಅಲ್ಲ, ಡಿಜಿಟಲ್ ತಕ್ಕಡಿ. ಕಾಳು ಹೆಚ್ಚು ಹುರಿದಷ್ಟೂ ಉಬ್ಬಿ ಹಗುರಾಗುತ್ತದೆ. ಅದರಿಂದ ಒಂದೇ ಚಮಚದಲ್ಲಿ ಕಡುಹುರಿಯ ಪುಡಿ ತೂಕಕ್ಕೆ ಕಡಿಮೆ, ಎಳೆಹುರಿಯದು ಹೆಚ್ಚು.

● ಲೆಕ್ಕ ಸರಳ: 15 ಗ್ರಾಂ ಪುಡಿಗೆ 250 ಗ್ರಾಂ ನೀರು. ಚಿನ್ನದಂಗಡಿಯ ಭಾಷೆಯಲ್ಲಿ ಪುಡಿ ಹೆಚ್ಚುಕಡಿಮೆ ಒಂದೂಕಾಲು ತೊಲ. ಒಂದು ತೊಲಕ್ಕೆ 11.66 ಗ್ರಾಂ. ಕಪ್ಪನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದುಕೊಂಡರೆ ನೀರನ್ನೂ ಹೊಯ್ಯುತ್ತಲೇ ತೂಗಬಹುದು.

● ಮಿಕ್ಸರ್‌ನಲ್ಲಿ ಪುಡಿ ಮಾಡಿದರೆ ದೂಳೂ ಬರುತ್ತದೆ, ನುಚ್ಚೂ ಉಳಿಯುತ್ತದೆ. ದೂಳಿನಿಂದ ಕಹಿ, ನುಚ್ಚಿನಿಂದ ಹುಳಿ, ಎರಡೂ ಒಂದೇ ಕಪ್ಪಿಗೆ ಇಳಿಯುತ್ತವೆ. ತಡೆತಡೆದು ತಿರುಗಿಸಿ, ಸಣ್ಣ ಜರಡಿಯಲ್ಲಿ ದೂಳನ್ನು ಜಾಲಿಸಿಬಿಡಿ. ಉಳಿದದ್ದು ಸಣ್ಣ ರವೆಯ ತರಿಗೆ ಬಂದರೆ ಸರಿ. ತೂಕ ಮಾಡುವುದು ಜರಡಿ ಹಿಡಿದ ಮೇಲೆ!

● ಜಪಾನಿನ ಹಾರಿಯೋ ಕಂಪನಿಯ ವಿ60 ಶಂಕುವಿನ ಕೋನ 60 ಡಿಗ್ರಿ. ತಳದಲ್ಲಿ ಒಂದೇ ದೊಡ್ಡ ತೂತು. ನೀರನ್ನು ಅದು ತಡೆಯುವುದಿಲ್ಲ. ಇಳಿಯುವ ವೇಗವನ್ನು ಪುಡಿಯ ತರಿ ಮತ್ತು ನಿಮ್ಮ ಕೈ ತೀರ್ಮಾನಿಸುತ್ತವೆ. ಕೈ ಪಳಗಿಲ್ಲದವರಿಗೆ ಚಪ್ಪಟೆ ತಳದ, ಸಣ್ಣ ತೂತುಗಳ ಸೋಸುಗ ಸಲೀಸು.

● ಕೊಕ್ಕರೆ ಕತ್ತಿನ ಕೆಟಲ್ ಇಲ್ಲದಿದ್ದರೆ ಸಣ್ಣ ಕೊಳವೆಯ ಗಿಂಡಿ ಸಾಕು. ಮೊದಲು ಬಿಸಿನೀರಿನಿಂದ ಗಲಬರಿಸಿ. ತಣ್ಣನೆಯ ಲೋಹ ನೀರಿನ ಬಿಸಿಯನ್ನು ಕೂಡಲೇ ಹೀರಿಬಿಡುತ್ತದೆ. ಬಿಸಿ ಗಿಂಡಿಯನ್ನು ಬಟ್ಟೆಯಿಂದಲೇ ಹಿಡಿಯಿರಿ.

● ಮೊದಲ ಗುಟುಕು ನೀರು ಬಿದ್ದಾಗ ಪುಡಿ ಉಬ್ಬಿ ನೊರೆಯೇಳುವುದು ಇಂಗಾಲದ ಡೈಆಕ್ಸೈಡ್‌ನಿಂದ. ಹುರಿದಾಗ ಕಾಳಿನೊಳಗೆ ಸಿಕ್ಕಿಕೊಂಡ ಅನಿಲವದು. ಅದು ಹೊರಬೀಳದೆ ನೀರು ಪುಡಿಗೆ ಸರಿಯಾಗಿ ಇಳಿಯದು. ಮೊದಲು 30 ಗ್ರಾಂ ನೀರು ಹೊಯ್ದು ಅರ್ಧ ನಿಮಿಷ ಕಾಯಿರಿ. ನೊರೆಯೇ ಏಳದಿದ್ದರೆ ಪುಡಿ ಹಳತಾಗಿರುವ ಸಂಭವ ಹೆಚ್ಚು.

● ಬೆಟಗೇರಿ ನೇಕಾರರ ಊರು. ಬಣ್ಣವಿಲ್ಲದ ಹತ್ತಿಬಟ್ಟೆಯಲ್ಲೂ ಕಾಫಿ ಸೋಸಬಹುದು. ಕಾಗದ ತಡೆಯುವ ಎಣ್ಣೆಯಂಶ ಬಟ್ಟೆಯಲ್ಲಿ ಹೆಚ್ಚು ದಾಟುತ್ತದೆ, ಕಾಫಿ ಮೈತುಂಬಿಕೊಳ್ಳುತ್ತದೆ. ಆದರೆ ಕೊಲೆಸ್ಟರಾಲ್ ಏರಿಸುವ ಕೆಫೆಸ್ಟಾಲ್ ಅನ್ನು ಚೆನ್ನಾಗಿ ತಡೆಯುವುದು ಕಾಗದವೇ. ಬಟ್ಟೆಗೆ ಸೋಪು ತಾಗಿಸಬೇಡಿ, ಬಿಸಿನೀರಿನಲ್ಲೇ ತೊಳೆಯಿರಿ.

● ಕಿರಾಣಿ ಅಂಗಡಿಯ ಪ್ಯಾಕೆಟ್ಟಿನ ಹಿಂಬದಿ ಓದಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಚಿಕೋರಿ ಎಷ್ಟೆಂದು ನಮೂದಿಸಬೇಕು ಎನ್ನುತ್ತದೆ ನಿಯಮ. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲ. ಗಟ್ಟಿ ಡಿಕಾಕ್ಷನ್‌ಗೆ ಅದು ಒಪ್ಪುತ್ತದೆ. ಪೋರ್‌ಓವರ್‌ಗೆ ಚಿಕ್ಕಮಗಳೂರು ಅಥವಾ ಕೊಡಗಿನ ಬರೀ ಅರೇಬಿಕಾ ಮೇಲು.

● ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಎಲ್ಲ ನೀರೂ ಇಳಿಯಲು ಎರಡೂವರೆಯಿಂದ ಮೂರೂವರೆ ನಿಮಿಷ ಹಿಡಿಯಬೇಕು. ಬೇಗ ಇಳಿದು ಹುಳಿಯಾದರೆ ಪುಡಿಯನ್ನು ಇನ್ನಷ್ಟು ಸಣ್ಣಗೆ, ತಡವಾಗಿ ಕಹಿಯಾದರೆ ತರಿಯಾಗಿ ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನೀರು, ಪುಡಿ, ಹೊತ್ತು ಮೂರನ್ನೂ ಒಟ್ಟಿಗೆ ತಿರುಚಿದರೆ, ಕಾಫಿ ಚೆನ್ನಾದರೂ ಯಾವುದರಿಂದ ಚೆನ್ನಾಯಿತೆಂದು ತಿಳಿಯುವುದೇ ಇಲ್ಲ.