ಬೀಳುವ ವಿದ್ಯೆ

'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಎಲ್ಲರ ಕಣ್ಣೆದುರಿಗೆ ಬಿದ್ದಿದ್ದರೂ ತಾನು ಬೀಳಲೇ ಇಲ್ಲವೆಂದು ಸಾಧಿಸುವವನನ್ನು ಕಂಡು ನಮ್ಮ ಹಿರಿಯರು ನಕ್ಕ ನಗು ಆ ಗಾದೆಯಲ್ಲಿದೆ. ಆದರೆ ನಗುವ ನಾವೂ ಆ ಜಟ್ಟಿಗಿಂತ ಬಹಳ ಭಿನ್ನರಲ್ಲ. ಬೀಳುವುದೆಂದರೆ ಅವಮಾನ ಎಂಬ ಭಾವನೆ ಮನುಷ್ಯನಲ್ಲಿ ಆಳವಾಗಿ ಬೇರೂರಿದೆ. ನಡೆಯುವುದನ್ನು, ಓಡುವುದನ್ನು, ಗೆಲ್ಲುವುದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ, ಬೀಳುವುದನ್ನು ಕಲಿಸುವುದಿಲ್ಲ. ಬೀಳುವುದೂ ಒಂದು ವಿದ್ಯೆಯೆಂದು ಬಗೆದು, ಅದನ್ನೇ ಮೊದಲ ಪಾಠವನ್ನಾಗಿ ಮಾಡಿಕೊಂಡ ಒಂದು ಮಲ್ಲವಿದ್ಯೆ ಜಪಾನ್ ದೇಶದಲ್ಲಿದೆ. ಅದೇ ಜೂಡೋ.

ಜೂಡೋ ಎಂಬ ಮಾತಿಗೆ 'ಮೃದುವಾದ ಮಾರ್ಗ' ಎಂದರ್ಥ. ಇದರ ಪ್ರವರ್ತಕರು ಕಾನೋ ಜಿಗೋರೋ ಎಂಬ ಶಿಕ್ಷಕರು. ಅವರು 1860ರಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಅವರದು ಗಿಡ್ಡನೆಯ, ಕೃಶವಾದ ಶರೀರ. ಶಾಲೆಯಲ್ಲಿ ಬಲಿಷ್ಠರಾದ ಹುಡುಗರ ಕಾಟವನ್ನು ಸಹಿಸಬೇಕಾಗಿತ್ತು. ಆತ್ಮರಕ್ಷಣೆಗೆಂದು ಅವರು ಜುಜುತ್ಸು ಎಂಬ ಹಳೆಯ ಯುದ್ಧವಿದ್ಯೆಯನ್ನು ಕಲಿಯಲು ಹೊರಟರು. ಒಮ್ಮೆ ಅವರು ಒಂದು ಪಟ್ಟನ್ನು ಹೇಗೆ ಹಾಕುವುದೆಂದು ಗುರುವನ್ನು ಕೇಳಿದಾಗ, ಗುರು ವಿವರಿಸುವ ಬದಲು ಶಿಷ್ಯನನ್ನೇ ಮತ್ತೆ ಮತ್ತೆ ಎತ್ತಿ ಕೆಡವಿದರಂತೆ. ಮಾತಿನಿಂದ ತಿಳಿಯದುದನ್ನು ನೆಲ ತಿಳಿಸಿತು. 1882ರಲ್ಲಿ, 22 ವರ್ಷ ತುಂಬುವ ಮೊದಲೇ, ಕಾನೋ ಅವರು ಟೋಕಿಯೋ ನಗರದ ಒಂದು ಬೌದ್ಧ ದೇವಾಲಯದಲ್ಲಿ ತಮ್ಮದೇ ಶಾಲೆಯನ್ನು ತೆರೆದರು. ಅಂದು ಅಲ್ಲಿದ್ದದ್ದು 12 ಚಾಪೆಗಳಷ್ಟು ಜಾಗ, ಒಂಬತ್ತು ಮಂದಿ ಶಿಷ್ಯರು. ಅದೇ ಕೋಡೋಕಾನ್ ಸಂಸ್ಥೆ. ಇಂದು ಅದರ ಮುಖ್ಯ ಅಭ್ಯಾಸಾಂಗಣವೊಂದೇ 420 ಚಾಪೆಗಳಷ್ಟು ವಿಶಾಲವಾಗಿದೆ. ನಮ್ಮ ದೇಶಕ್ಕೂ ಈ ವಿದ್ಯೆ ಹೊಸದಲ್ಲ. ರವೀಂದ್ರನಾಥ ಠಾಕೂರರ ಆಹ್ವಾನದ ಮೇರೆಗೆ 1929ರಲ್ಲಿ ತಾಕಾಗಾಕಿ ಎಂಬ ಜೂಡೋ ಗುರು ಶಾಂತಿನಿಕೇತನಕ್ಕೆ ಬಂದು ಅಲ್ಲಿನ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದರು.

ಈ ವಿದ್ಯೆಯ ಶಿಸ್ತನ್ನು ತಿಳಿಯಬೇಕಾದರೆ ಕೋಡೋಕಾನಿನ ಚಳಿಗಾಲದ ಶಿಬಿರವನ್ನು ನೋಡಬೇಕು. ಅದಕ್ಕೆ 'ಕಾನ್‌ಗೇಕೋ' ಎಂದು ಹೆಸರು. 'ಕಾನ್' ಎಂದರೆ ಕಡುಚಳಿ. 'ಕೇಕೋ' ಎಂದರೆ ಅಭ್ಯಾಸ. ಜಪಾನಿನ ಹಳೆಯ ಪಂಚಾಂಗದಂತೆ ಜನವರಿಯ ಮೊದಲ ವಾರದಿಂದ ಫೆಬ್ರವರಿಯ ಮೊದಲ ವಾರದವರೆಗಿನ ಸುಮಾರು 30 ದಿನಗಳು ವರ್ಷದ ಅತಿ ಶೀತಲವಾದ ಕಾಲ. ಹಿಂದೆ ಆ ದಿನಗಳುದ್ದಕ್ಕೂ ಶಿಬಿರ ನಡೆಯುತ್ತಿತ್ತು. ಈಚಿನ ದಶಕಗಳಲ್ಲಿ ಅದು ಹತ್ತು ದಿನಗಳಿಗೆ ಇಳಿದಿದೆ. ಸೂರ್ಯೋದಯಕ್ಕೆ ಮೊದಲೇ, ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವಾಗ, ಬಾಲಕರು, ಯುವಕರು, ವೃದ್ಧರು ಬರಿಗಾಲಿನಲ್ಲಿ ಅಂಗಣಕ್ಕೆ ಬಂದು ನಿಲ್ಲುತ್ತಾರೆ. ಮೊದಲು ನಮಸ್ಕಾರ, ಬಳಿಕ ಅಭ್ಯಾಸ, ಕೊನೆಗೆ ಮತ್ತೆ ನಮಸ್ಕಾರ. ಒಂದು ದಿನವೂ ತಪ್ಪದೆ ಬಂದವರಿಗೆ ಶಿಬಿರದ ಕೊನೆಯಲ್ಲಿ ಪ್ರಶಸ್ತಿಪತ್ರ ದೊರೆಯುತ್ತದೆ. ಎಷ್ಟು ಮಂದಿಯನ್ನು ಕೆಡವಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಪ್ರತಿದಿನ ಬಂದೆಯಾ ಎಂಬುದಷ್ಟೇ ಪ್ರಶ್ನೆ. ನಿನ್ನೆ ಹತ್ತು ಸಲ ಬಿದ್ದವನು ಇಂದೂ ಬಂದು ಸಾಲಿನಲ್ಲಿ ನಿಂತನೆಂದರೆ ಅವನು ಶಿಬಿರದ ಅರ್ಧ ಪಾಠವನ್ನು ಕಲಿತಂತೆಯೇ ಸರಿ.

ಉಳಿದರ್ಧ ಪಾಠವು ಬೀಳುವ ಬಗೆಗೆ ಸಂಬಂಧಿಸಿದ್ದು. ಅದನ್ನು ಜಪಾನೀಯರು 'ಉಕೆಮಿ' ಎನ್ನುತ್ತಾರೆ. ನೆಲದ ಪೆಟ್ಟನ್ನು ಮೈಯಿಂದ ಸ್ವೀಕರಿಸುವುದು ಎಂಬುದು ಅದರ ಭಾವ. ಹೊಸಬನಿಗೆ ಎದುರಾಳಿಯನ್ನು ಕೆಡಹುವುದನ್ನು ಮೊದಲಿಗೆ ಹೇಳಿಕೊಡುವುದಿಲ್ಲ. ಮಲಗಿದ್ದಲ್ಲಿಂದ, ಕುಕ್ಕರುಗಾಲಿನಲ್ಲಿ ಕುಳಿತಲ್ಲಿಂದ, ನಿಂತಲ್ಲಿಂದ, ನಡೆಯುತ್ತಿರುವಲ್ಲಿಂದ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ ಬೀಳುವುದನ್ನು ಕಲಿಸುತ್ತಾರೆ. ಬೀಳುವಾಗ ಗಲ್ಲವನ್ನು ಎದೆಯ ಕಡೆಗೆ ಒತ್ತಿಕೊಳ್ಳಬೇಕು. ಆಗ ತಲೆಯ ಹಿಂಭಾಗ ನೆಲಕ್ಕೆ ಬಡಿಯುವುದಿಲ್ಲ. ಬೆನ್ನನ್ನು ಬಾಗಿಸಿ ಮೈಯನ್ನು ಉರುಳಿಸಬೇಕು. ನೆಲ ಮುಟ್ಟುವ ಕ್ಷಣದಲ್ಲಿ ಉಸಿರನ್ನು ಬಿಡುತ್ತಾ, ಅಂಗೈಯಿಂದ ತೋಳಿನವರೆಗೆ ಇಡೀ ಕೈಯಿಂದ ಚಾಪೆಯನ್ನು ಬಡಿಯಬೇಕು.

ಇದರ ಹಿಂದಿರುವ ಕಾರಣ ಸರಳವಾದುದು. ಸೂಜಿಯ ಮೊನೆ ಚುಚ್ಚುತ್ತದೆ. ಅಷ್ಟೇ ಬಲದಿಂದ ಒತ್ತಿದ ಅಂಗೈ ಚುಚ್ಚುವುದಿಲ್ಲ. ಬಲವು ಒಂದೇ ಬಿಂದುವಿನ ಮೇಲೆ ಎರಗಿದರೆ ಮೂಳೆ ಮುರಿಯುತ್ತದೆ. ಅಗಲಕ್ಕೆ ಹರಡಿದರೆ ಮೈ ಅದನ್ನು ತಾಳಿಕೊಳ್ಳುತ್ತದೆ. ಉರುಳುವುದರಿಂದ ಆಘಾತದ ಕಾಲವೂ ಹಿಗ್ಗಿ, ಅದರ ತೀವ್ರತೆ ಕುಗ್ಗುತ್ತದೆ. ಬೀಳಬಾರದೆಂಬ ಹಠದಿಂದ ಕೈಯನ್ನು ನೆಟ್ಟಗೆ ನೆಲಕ್ಕೆ ಊರಿದವನ ಮಣಿಕಟ್ಟು ಮುರಿಯುತ್ತದೆ. ಬೀಳುತ್ತಿರುವೆನೆಂದು ಒಪ್ಪಿಕೊಂಡು ಮೈಯನ್ನು ಹೊಂದಿಸಿಕೊಂಡವನು ಉರುಳಿ ಎದ್ದು ನಿಲ್ಲುತ್ತಾನೆ. ಗಾದೆಯ ಜಟ್ಟಿಗೂ ಶಿಬಿರದ ಈ ಶಿಷ್ಯನಿಗೂ ಇರುವ ವ್ಯತ್ಯಾಸ ಇದೇ.

ಆದರೆ ಬೀಳುವವನ ಜಾಣ್ಮೆಯೊಂದೇ ಸಾಲದು. ಅಭ್ಯಾಸದಲ್ಲಿ ಕೆಡಹುವವನಿಗೂ ಒಂದು ಕರ್ತವ್ಯವಿದೆ. ಅವನು ಎದುರಾಳಿಯನ್ನು ಎತ್ತಿ ಹಾಕುವಾಗ ಆತನ ಅಂಗಿಯ ತೋಳನ್ನು ಕೊನೆಯವರೆಗೆ ಬಿಡುವುದಿಲ್ಲ. ಅದನ್ನು ಮೇಲಕ್ಕೆ ಎಳೆದು ಹಿಡಿದು, ತಲೆ ನೆಲಕ್ಕೆ ತಾಗದಂತೆ ಇಳಿಸುತ್ತಾನೆ. ಬಿಗಿಹಿಡಿತಕ್ಕೆ ಸಿಕ್ಕಿದವನು ಅಂಗೈಯಿಂದ ಎರಡು ಸಲ ತಟ್ಟಿದನೆಂದರೆ 'ಸಾಕು' ಎಂದರ್ಥ. ಹಿಡಿದವನು ಆ ಕ್ಷಣವೇ ಬಿಡಬೇಕು. ತಟ್ಟಿದವನನ್ನು ಯಾರೂ ಹೇಡಿಯೆನ್ನುವುದಿಲ್ಲ. ತಟ್ಟಿದ ಮೇಲೂ ಬಿಡದವನನ್ನು ಮಾತ್ರ ಎಲ್ಲರೂ ನಿಂದಿಸುತ್ತಾರೆ. ತಾನೂ ಪರರೂ ಕೂಡಿ ಏಳಿಗೆ ಹೊಂದಬೇಕೆಂಬುದು ಕಾನೋ ಅವರು ಸಾರಿದ ತತ್ತ್ವ. ಬೀಳಲು ಒಪ್ಪುವ ಜೊತೆಗಾರನಿಲ್ಲದೆ ಯಾರೂ ಕೆಡಹುವುದನ್ನು ಕಲಿಯಲಾರರು. ಆದುದರಿಂದಲೇ ಅಭ್ಯಾಸ ಮುಗಿದಾಗ ಇಬ್ಬರೂ ಪರಸ್ಪರ ತಲೆಬಾಗಿ ವಂದಿಸುತ್ತಾರೆ.

ಈ ತತ್ತ್ವದ ಒಂದು ಸುಂದರ ನಿದರ್ಶನ 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ದೊರೆಯಿತು. ಒಲಿಂಪಿಕ್ಸ್‌ಗೆ ಜೂಡೋ ಸೇರಿದ್ದು ಆ ವರ್ಷವೇ. ಮುಕ್ತ ವಿಭಾಗದ ಅಂತಿಮ ಪಂದ್ಯದಲ್ಲಿ ನೆದರ್‌ಲೆಂಡ್ಸ್‌ನ ಆಂಟನ್ ಗೇಸಿಂಕ್ ಅವರು ಜಪಾನಿನ ಕಾಮಿನಾಗಾ ಅವರನ್ನು ಸೋಲಿಸಿದರು. ತಮ್ಮ ನೆಲದಲ್ಲೇ, ತಮ್ಮ ವಿದ್ಯೆಯಲ್ಲೇ ಸೋತ ಜಪಾನೀಯರು ಸ್ತಬ್ಧರಾಗಿ ಕುಳಿತಿದ್ದರು. ಗೆದ್ದವರ ಕಡೆಯವರು ಹರ್ಷೋದ್ರೇಕದಿಂದ ಕಣಕ್ಕೆ ನುಗ್ಗಲು ಹೊರಟಾಗ ಗೇಸಿಂಕ್ ಅವರು ಕೈಯೆತ್ತಿ ತಡೆದರು. ಸೋತವರಿಗೆ ವಂದಿಸಿದ ಮೇಲಲ್ಲವೆ ಗೆಲುವಿನ ಸಂಭ್ರಮ! ಆ ಕೈಯನ್ನು ಕಂಡ ಜಪಾನೀಯರಿಗೆ ತಮ್ಮ ವಿದ್ಯೆ ಸೋತಿಲ್ಲವೆಂಬ ಸಮಾಧಾನ ಉಂಟಾಗಿರಬೇಕು.

ಇದಕ್ಕೆ ವಿರುದ್ಧವಾದ, ನೋವಿನ ಚಿತ್ರವೂ ಜಪಾನಿನಲ್ಲೇ ಇದೆ. 1983ರಿಂದ 2011ರವರೆಗಿನ ಅವಧಿಯಲ್ಲಿ ಆ ದೇಶದ ಶಾಲೆಗಳಲ್ಲಿ ಜೂಡೋ ಕಲಿಯುವಾಗ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರೆಂಬುದು ಬೆಳಕಿಗೆ ಬಂದಿತು. ಹಲವರ ಸಾವಿಗೆ ತಲೆಗೆ ಬಿದ್ದ ಪೆಟ್ಟೇ ಕಾರಣ. ಅವರಲ್ಲಿ ಹೊಸದಾಗಿ ಸೇರಿದ ಮಕ್ಕಳೇ ಹೆಚ್ಚು. ಬೀಳುವುದನ್ನು ಚೆನ್ನಾಗಿ ಕಲಿಯದ ಮಗುವನ್ನು ಎತ್ತಿ ಹಾಕುವುದು ಶಿಕ್ಷಣವಲ್ಲ, ಹಿಂಸೆ. ದಣಿದ ಹುಡುಗನನ್ನು ಗಟ್ಟಿಮಾಡುವ ನೆಪದಲ್ಲಿ ಮತ್ತೆ ಮತ್ತೆ ಕೆಡಹುವುದು ಶಿಸ್ತಲ್ಲ, ಕ್ರೌರ್ಯ. ಮೃತರ ತಂದೆತಾಯಿಗಳು ದನಿಯೆತ್ತಿದ ಮೇಲೆ ಅಲ್ಲಿ ಸುರಕ್ಷತೆಯ ನಿಯಮಗಳು ಬಿಗಿಯಾದವು. ಉಕೆಮಿಯ ಪಾಠಕ್ಕೆ ಮತ್ತೆ ಮೊದಲಿನ ಮಹತ್ತ್ವ ಬಂದಿತು.

ಈ ವಿಷಯವನ್ನು ಓದಿದಾಗ ನನಗೆ ನನ್ನ ಉಪಾಧ್ಯಾಯ ವೃತ್ತಿಯ ದಿನಗಳು ನೆನಪಾದವು. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕನ್ನಡದಲ್ಲಿ, ಇತಿಹಾಸದಲ್ಲಿ ಮುಂದು, ಗಣಿತವೊಂದರಲ್ಲಿ ಹಿಂದು. ಪರೀಕ್ಷೆಯಲ್ಲಿ ಆ ಒಂದು ವಿಷಯದಲ್ಲಿ ಅನುತ್ತೀರ್ಣನಾದ. ಆರು ತಿಂಗಳೊಳಗೆ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಬಹುದಾಗಿತ್ತು, ಅವನು ಕುಳಿತುಕೊಳ್ಳಲಿಲ್ಲ. ಎದುರಿಗೆ ಕಂಡರೆ ಬೇರೆ ಬೀದಿಗೆ ತಿರುಗಿಬಿಡುತ್ತಿದ್ದ. ಅವನಿಗೆ ಬುದ್ಧಿ ಕಡಿಮೆಯಿರಲಿಲ್ಲ. ಬೀಳುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೀಳುವಾಗ ಅವನ ತೋಳನ್ನು ಹಿಡಿಯಲು ನಾವಾರೂ ಕೈಚಾಚಲಿಲ್ಲ. ಆ ಲೋಪ ಅವನದಕ್ಕಿಂತ ಹೆಚ್ಚಾಗಿ ನಮ್ಮದು.

ದಿನನಿತ್ಯದ ಬದುಕಿನಲ್ಲಿ ಬೀಳದವರು ಯಾರು? ಒಬ್ಬನಿಗೆ ಪರೀಕ್ಷೆಯಲ್ಲಿ ಸೋಲು, ಇನ್ನೊಬ್ಬನಿಗೆ ಬೆಳೆಯಲ್ಲಿ ನಷ್ಟ, ಮತ್ತೊಬ್ಬನಿಗೆ ಸ್ನೇಹದಲ್ಲಿ ನಿರಾಶೆ. ಆಗ ಉಕೆಮಿಯ ಸೂತ್ರಗಳು ನೆರವಿಗೆ ಬರುತ್ತವೆ. ಮೊದಲನೆಯದು, ಬಿದ್ದುದನ್ನು ಒಪ್ಪಿಕೊಳ್ಳುವುದು. ಎರಡನೆಯದು, ತಲೆಯನ್ನು ಕಾಪಾಡಿಕೊಳ್ಳುವುದು; ದುಃಖದ ಭರದಲ್ಲಿ ವಿವೇಕವನ್ನು ಕಳೆದುಕೊಳ್ಳದಿರುವುದು. ಮೂರನೆಯದು, ಪೆಟ್ಟನ್ನು ಒಂದೇ ಕಡೆ ನಾಟಲು ಬಿಡದೆ ಹರಡುವುದು. ಎಂದರೆ, ನೋವನ್ನು ಒಬ್ಬನೇ ನುಂಗದೆ ತಾಯಿತಂದೆಗಳೊಡನೆ, ಗುರುಗಳೊಡನೆ, ಗೆಳೆಯರೊಡನೆ ಹಂಚಿಕೊಳ್ಳುವುದು. ತಾಳಲಾರದಾಗ 'ಸಾಕು' ಎಂದು ತಟ್ಟಲು ನಾಚಬೇಕಾಗಿಲ್ಲ. ನಾಲ್ಕನೆಯದು, ಮರುದಿನ ಬೆಳಗ್ಗೆ ಮತ್ತೆ ಸಾಲಿನಲ್ಲಿ ಬಂದು ನಿಲ್ಲುವುದು. ಇವಿಷ್ಟೂ ಬಿದ್ದವನಿಗೆ. ನಿಂತವನಿಗೆ ಇರುವುದು ಒಂದೇ ಸೂತ್ರ: ಬೀಳುವವನ ತೋಳನ್ನು ಬಿಡದಿರುವುದು.

ಮೀಸೆಗೆ ಮಣ್ಣು ಹತ್ತಿದರೆ ನಾಚಿಕೆಯೇನು? ತೊಳೆದುಕೊಂಡರೆ ಅದು ಹೋಗುತ್ತದೆ. ಆದರೆ ಬೀಳುವ ಭಯದಿಂದ ಕಣಕ್ಕೇ ಇಳಿಯದವನು ಏಳುವ ಸಂತೋಷವನ್ನೂ ಅರಿಯಲಾರ.